ಹಳೆಯ ಹುಲ್ಲುಯಂತ್ರದ ಉಪಚಾರ

ಹಳೆಯ ಬಂಗಲೆಗಳ ಉಗ್ರಾಣದಲ್ಲಿ, ಮುರಿದ ಕುರ್ಚಿ, ಹರಿದ ಕೊಡೆಗಳ ನಡುವೆ ಒಮ್ಮೊಮ್ಮೆ ಒಂದು ಯಂತ್ರ ಮಲಗಿರುತ್ತದೆ. ಎರಡು ಗಾಲಿ, ನಡುವೆ ತಿರುಚಿದ ಅಲಗುಗಳ ಒಂದು ಉರುಳೆ, ಹಿಂದೆ ಉದ್ದನೆಯ ಹಿಡಿ. ಹುಲ್ಲುಹಾಸನ್ನು ಕತ್ತರಿಸುವ ಕೈಯಂತ್ರ ಅದು. ಮೊಂಡಾಯಿತೆಂದು ಅದನ್ನು ಹಳೆಯ ಕಬ್ಬಿಣದವನಿಗೆ ತೂಕಕ್ಕೆ ಹಾಕುವವರುಂಟು. ಅವರು ಸ್ವಲ್ಪ ತಾಳಬೇಕೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ಈ ಯಂತ್ರದ ಕಲ್ಪನೆ ಹುಟ್ಟಿದ್ದು ತೋಟದಲ್ಲಲ್ಲ, ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿಯಿದ್ದ. ಉಣ್ಣೆಬಟ್ಟೆಯ ಮೇಲೆ ಎದ್ದ ನವಿರನ್ನು ಸಮನಾಗಿ ಕತ್ತರಿಸಲು ಅಲ್ಲಿನ ಗಿರಣಿಗಳಲ್ಲಿ ತಿರುಗುವ ಅಲಗಿನ ಯಂತ್ರಗಳಿದ್ದವು. ನೆಲದ ಹುಲ್ಲೂ ಒಂದು ಬಗೆಯ ನವಿರೇ ಅಲ್ಲವೆ? 1830ರಲ್ಲಿ ಬಡ್ಡಿಂಗ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದ. ಅದುವರೆಗೆ ಹುಲ್ಲುಹಾಸನ್ನು ಸವರುವುದು ಉದ್ದ ಹಿಡಿಯ ಕುಡುಗೋಲಿನವರ ಕೆಲಸವಾಗಿತ್ತು. ಇಬ್ಬನಿ ಆರುವ ಮುನ್ನವೇ ಕೊಯ್ಯಬೇಕಾಗಿತ್ತು. ಈ ಯಂತ್ರಕ್ಕಾದರೋ ತೇವವಿಲ್ಲದ ಹುಲ್ಲೇ ಹಿತ.

ಇದರ ಗುಟ್ಟು ಇಷ್ಟೇ: ಇದು ಕುಡುಗೋಲಲ್ಲ, ಕತ್ತರಿ. ತಿರುಗುವ ಅಲಗು ಮತ್ತು ಕೆಳಗೆ ಅಲುಗದೆ ನಿಂತ ಪಟ್ಟಿಯಲಗು, ಇವೆರಡರ ನಡುವೆ ಸಿಕ್ಕ ಹುಲ್ಲು ತುಂಡಾಗುತ್ತದೆ. ಎರಡೂ ಒಂದನ್ನೊಂದು ಹದವಾಗಿ ಸವರುತ್ತಿರಬೇಕು. ಸಂದು ಬಿಟ್ಟಿತೋ, ಹುಲ್ಲು ಮಡಿಸಿಕೊಂಡು ನುಸುಳುತ್ತದೆ. ಜಜ್ಜಿದ ತುದಿ ಎರಡು ದಿನಗಳಲ್ಲಿ ಕಂದುಗಟ್ಟುತ್ತದೆ.

ಇದನ್ನರಿಯದೆ ನಾನೇ ಒಮ್ಮೆ ಕೆಟ್ಟೆ. ತಂದೆಯವರ ಕಾಲದ ಯಂತ್ರವನ್ನು ಸಾಣೆ ಹಿಡಿಯುವವನ ಮುಂದಿಟ್ಟೆ. ಅವನು ತನ್ನ ವಿದ್ಯೆಗೆ ತಕ್ಕಂತೆ ಐದು ಅಲಗುಗಳನ್ನೂ ಮಚ್ಚು ಮಸೆದಂತೆ ಒಂದೊಂದಾಗಿ ಮಸೆದುಕೊಟ್ಟ. ಮಿರಮಿರನೆ ಮಿಂಚಿದವು. ಆದರೆ ಒಂದು ಅಲಗು ಕೂದಲೆಳೆಯಷ್ಟು ಹೆಚ್ಚು ಸವೆದಿತ್ತು, ಇನ್ನೊಂದು ಕಡಮೆ. ಉರುಳೆಯ ದುಂಡುತನವೇ ಹೋಗಿತ್ತು. ಆ ವಾರ ನಮ್ಮ ಗರಿಕೆಯ ಹಾಸು ಹೊಸಗೈ ಹುಡುಗ ಮಾಡಿದ ಕ್ಷೌರದಂತಾಯಿತು. ತಪ್ಪು ಅವನದಲ್ಲ, ಕೊಟ್ಟವನದು.

ಮಾಡಬೇಕಾದುದು ಬೇರೆ. ಪಟ್ಟಿಯಲಗನ್ನು ಏರಿಳಿಸಲು ಎರಡು ಬದಿಗಳಲ್ಲೂ ಸ್ಕ್ರೂಗಳಿರುತ್ತವೆ. ಸ್ವಲ್ಪಸ್ವಲ್ಪವೇ ತಿರುವಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಕಾಗದದ ಚೂರನ್ನು ಅಲಗುಗಳ ನಡುವೆ ಹಿಡಿದು ನೋಡಿ. ಈ ತುದಿಯಿಂದ ಆ ತುದಿಯವರೆಗೆ ಎಲ್ಲೆಡೆಯೂ ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಬೇಕು. ಬಿಗಿ ಹೆಚ್ಚಾದರೆ ಯಂತ್ರ ಭಾರವಾಗುತ್ತದೆ, ಅಲಗು ವೃಥಾ ಸವೆಯುತ್ತದೆ. ಆದರೂ ಕಾಗದ ಹರಿಯುವುದಾದರೆ, ಮೋಟಾರು ಅಂಗಡಿಯಲ್ಲಿ ಸಿಗುವ ವಾಲ್ವ್ ಉಜ್ಜುವ ಪೇಸ್ಟನ್ನು ಅಲಗುಗಳಿಗೆ ಬಳಿದು ಉರುಳೆಯನ್ನು ಹಿಮ್ಮುಖವಾಗಿ ತಿರುಗಿಸಬೇಕು. ಆಗ ಅಲಗುಗಳು ತಮ್ಮನ್ನು ತಾವೇ ಮಸೆದುಕೊಳ್ಳುತ್ತವೆ. ಬಳಿಕ ಪೇಸ್ಟಿನ ಕಣವೂ ಉಳಿಯದಂತೆ ತೊಳೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ಅಲಗನ್ನು ಕೈಯಿಂದ ಹಿಡಿದು ತಿರುಗಿಸುವ ಚಾಳಿ ಅನೇಕರದು. ಒಂದನ್ನು ತಳ್ಳಿದರೆ ಉಳಿದವೂ ಬರುತ್ತವೆ; ಬೆರಳಿಗೂ ಹುಲ್ಲಿಗೂ ಉರುಳೆ ಭೇದವೆಣಿಸದು. ಮರದ ತುಂಡಿನಿಂದಲೇ ತಳ್ಳಿ, ಮಕ್ಕಳನ್ನು ದೂರವಿಡಿ.

ಗಾಲಿ ಉರುಳಿದರೂ ಅಲಗು ತಿರುಗದಿದ್ದರೆ ಯಂತ್ರ ಸತ್ತಿತೆನ್ನಬೇಡಿ. ಹಿಂದಕ್ಕೆಳೆದಾಗ ಟಕಟಕ ಸದ್ದು ಮಾಡುವ ಪುಟ್ಟ ಕೊಂಡಿಯೊಂದು ಗಾಲಿಯೊಳಗಿದೆ. ಹುಲ್ಲಿನ ಜಿಗುಟಿನಲ್ಲಿ ಅದು ಅಂಟಿಕೊಂಡಿರಬಹುದು. ಸೀಮೆಎಣ್ಣೆಯಲ್ಲಿ ತೊಳೆದು ತೆಳು ಎಣ್ಣೆ ಬಿಟ್ಟರೆ ಸಾಕು. ಗ್ರೀಸು ಮೆತ್ತಿದರೆ ಮತ್ತೆ ಅಂಟುತ್ತದೆ.

ಕೆಲಸ ಮುಗಿದ ಮೇಲೆ ಒರೆಸಿ, ಅಲಗಿಗೆ ಎಣ್ಣೆ ಸವರಿ, ಹಲಗೆಯ ಮೇಲೆ ನಿಲ್ಲಿಸಿ. ಮಳೆಗಾಲದಲ್ಲಿ ವಾರವಾರವೂ ಹೊರಗೆ ತೆಗೆಯಬೇಕಾದೀತು. ಹುಲ್ಲಿನ ಎತ್ತರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಒಮ್ಮೆಗೇ ತೆಗೆಯಬಾರದು. ಊರಿಗೆ ಹೋಗಿ ಬರುವಷ್ಟರಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆದಿದ್ದರೆ ಈ ಯಂತ್ರ ಅದನ್ನು ಕತ್ತರಿಸದು, ಮಲಗಿಸಿ ಮುಂದೆ ಹೋಗುತ್ತದೆ. ಅಂಥ ಹುಲ್ಲಿಗೆ ಮೊದಲು ಕುಡುಗೋಲೇ ಆಗಬೇಕು.