ಹೆಣಿಗೆಯ ಬುಟ್ಟಿಯೂ ಬಟ್ಟೆಯ ಕಪಾಟೂ

ಕಳೆದ ಮಳೆಗಾಲದಲ್ಲಿ ವಾಳೆಯ ಮನೆಗಳ ಭೇಟಿಗೆ ಹೊರಟವನು ಒಂದು ಮನೆಯ ಜಗಲಿ ಹತ್ತಿದೆ. ಬೆಂಚಿನಲ್ಲಿ ಕುಳಿತಿದ್ದ ಮನೆಯಾಕೆ ನನ್ನನ್ನು ಕಂಡೊಡನೆ ಮಡಿಲಲ್ಲಿದ್ದುದನ್ನು ಗಡಿಬಿಡಿಯಿಂದ ಬೆಂಚಿನಡಿಗೆ ತಳ್ಳಿದರು. ಹಳದಿ ಉಲ್ಲನ್ ಉಂಡೆಯೊಂದು ಮಾತ್ರ ಉರುಳಿ ನನ್ನ ಕಾಲ ಬಳಿಗೆ ಬಂತು. "ಸುಮ್ಮನೆ ಕೂತಿದ್ದೆ ಫಾದರ್, ಒಳಗೆ ರಾಶಿ ಕೆಲಸ ಬಾಕಿ ಇದೆ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ.

ಮಗಳು ಬಾಣಂತನಕ್ಕೆ ಬರುವವಳಿದ್ದಳು. ಹುಟ್ಟಲಿರುವ ಮೊಮ್ಮಗುವಿಗೆ ಆ ಅಮ್ಮ ಟೋಪಿ, ಸ್ವೆಟರ್ ಹೆಣೆಯುತ್ತಿದ್ದರು. ಒಳಗೆ ನೋಡಿದರೆ ಮಂಚದ ಮೇಲೆ ಅರ್ಧ ಒಣಗಿದ ಬಟ್ಟೆಯ ರಾಶಿ, ಮೂಲೆಯಲ್ಲಿ ಗೋಣಿಚೀಲಗಳು, ಬಾಗಿಲು ಮುಚ್ಚದಷ್ಟು ತುಂಬಿದ ಕಪಾಟು. "ಮನೆ ಒಪ್ಪ ಮಾಡಿದರೆ ಹೆಣಿಗೆ ಆಗುವುದಿಲ್ಲ, ಹೆಣೆಯಲು ಕೂತರೆ ಮನೆ ಒಪ್ಪ ಆಗುವುದಿಲ್ಲ. ಏನು ಮಾಡುವುದು ಫಾದರ್?" ಎಂದು ಕೇಳಿದರು.

ನನ್ನ ಕಚೇರಿಯ ಮೇಜನ್ನು ಕಂಡವರು, ಒಪ್ಪ ಮಾಡುವ ವಿಷಯದಲ್ಲಿ ಬರೆಯಲು ಇವರಿಗೇನು ಹಕ್ಕು ಎಂದು ಕೇಳಬಹುದು. ಹೆಣಿಗೆಯಂತೂ ನನಗೆ ಬಾರದು. ಆದ್ದರಿಂದ ಅನುಭವವುಳ್ಳ ತಾಯಂದಿರಲ್ಲಿಯೂ ಆಸ್ಪತ್ರೆಯಲ್ಲಿ ಸೇವೆ ಮಾಡಿದ ಸಿಸ್ಟರ್ ಒಬ್ಬರಲ್ಲಿಯೂ ಕೇಳಿ ತಿಳಿದುದನ್ನು ಇಲ್ಲಿ ಕೊಡುತ್ತಿದ್ದೇನೆ. ಅವುಗಳಲ್ಲಿ ಒಂದು ಸಂಗತಿ ಮಗುವಿನ ಪ್ರಾಣಕ್ಕೇ ಸಂಬಂಧಿಸಿದುದು. ದಯವಿಟ್ಟು ಕೊನೆಯವರೆಗೆ ಓದಿರಿ.

ಬಿಸಿಲಿನ ಕೆಲಸ, ಮಳೆಯ ಕೆಲಸ

ನಮ್ಮ ಕಾಸರಗೋಡು ಕಡೆಯ ಕೃಷಿಕರ ಮನೆಗಳಲ್ಲಿ ಒಂದು ವಿಚಿತ್ರ ತೊಡಕಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರು ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಗಸರಿಗೆ ಮನೆಯೊಳಗೆ ಕೂರಲು ಒಂದಿಷ್ಟು ಹೊತ್ತು ಸಿಗುತ್ತದೆ. ಆದರೆ ಆಗ ಕಪಾಟು ತೆಗೆದರೆ ಬೂಸ್ಟಿನ ವಾಸನೆ, ಬಟ್ಟೆ ಒಣಗಿಸಲು ಬಿಸಿಲಿಲ್ಲ. ಬಿಸಿಲು ಬಂದಾಗ ಅಂಗಳ ತುಂಬ ಅಡಿಕೆ. ಅದು ಒಣಗಲು ಸುಮಾರು 40 ದಿನ ಬೇಕು. ಅದರ ಬೆನ್ನಿಗೆ ಕಾಳುಮೆಣಸು, ಗೇರುಬೀಜ. ಬಟ್ಟೆಬರೆಯ ಸರದಿ ಬರುವುದೇ ಇಲ್ಲ.

ಇದಕ್ಕೆ ಪರಿಹಾರವೆಂದರೆ ಕೆಲಸವನ್ನು ಋತುವಿಗೆ ಹಂಚುವುದು. ಕಪಾಟು, ಪೆಟ್ಟಿಗೆ, ಅಟ್ಟದ ಕೆಲಸ ಬಿಸಿಲಿನದು. ಹೆಣಿಗೆ ಮಳೆಯದು. ಜನವರಿಯಿಂದ ಮೇ ತಿಂಗಳೊಳಗೆ ಅಂಗಳದ ಒಂದು ಬದಿಯಲ್ಲಿ ಎರಡು ಹಗ್ಗ ಕಟ್ಟಿ, ಅಷ್ಟು ಜಾಗವನ್ನು ಅಡಿಕೆಗೆ ಬಿಟ್ಟುಕೊಡದೆ ಇಟ್ಟುಕೊಳ್ಳಿರಿ. ಇಡೀ ಮನೆಯನ್ನು ಒಂದೇ ದಿನ ಒಪ್ಪ ಮಾಡಲು ಹೊರಡಬೇಡಿರಿ. ಹಾಗೆ ಹೊರಟವರು ಸಂಜೆಗೆ ಎಲ್ಲವನ್ನೂ ಪುನಃ ಒಳಗೆ ತುರುಕಿ ಬಾಗಿಲು ಹಾಕುತ್ತಾರೆ. ದಿನಕ್ಕೆ ಒಂದು ಶೆಲ್ಫ್ ಸಾಕು. ಅದರಲ್ಲಿದ್ದುದನ್ನೆಲ್ಲ ಚಾಪೆಗೆ ಸುರಿದು ಮೂರು ಪಾಲು ಮಾಡಿರಿ: ಈ ವರ್ಷ ಉಟ್ಟದ್ದು, ಇತರರಿಗೆ ಕೊಡಬಹುದಾದದ್ದು, ಒರಸುವ ಬಟ್ಟೆಗೆ ಹೋಗುವಂಥದ್ದು. ಕಾಲು ಗಂಟೆಯ ಕೆಲಸ. ಹನಿಗೂಡಿ ಹಳ್ಳ ಎಂಬಂತೆ ತಿಂಗಳೊಂದರಲ್ಲಿ ಇಡೀ ಮನೆ ಹಗುರವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿರಿ. ಗೋಡೆಗೆ ಅಂಟಿದ ಕಪಾಟಿನ ಹಿಂಬದಿಗೆ ಗಾಳಿ ಆಡದೆ ಬೂಸ್ಟು ಹಿಡಿಯುತ್ತದೆ. ಅದರ ಧೂಳು ಉಬ್ಬಸವಿರುವ ಮಕ್ಕಳಿಗೂ ಮುದುಕರಿಗೂ ರೋಗವನ್ನು ಕೆರಳಿಸುತ್ತದೆ. ಕೀಟನಾಶಕದ ಬಾಟಲಿ, ಮೈಲುತುತ್ತಿನ ಚೀಲ ಇವು ಬಟ್ಟೆ ಇಡುವ ಕೋಣೆಯಲ್ಲಿ ಇರಲೇಬಾರದು. ಅವಕ್ಕೆ ಮನೆಯಿಂದ ಹೊರಗೆ, ಬೀಗವಿರುವ ಬೇರೆ ಜಾಗ ಬೇಕು.

ಮಗುವಿನ ಬಟ್ಟೆಗೆ ನುಸಿಗುಳಿಗೆ ಬೇಡ

ಈಗ ಆ ಮುಖ್ಯ ಸಂಗತಿ. ಹೆಣೆದು ಮುಗಿಸಿದ ಸ್ವೆಟರನ್ನು ನಮ್ಮ ಅಜ್ಜಿಯಂದಿರು ಹಳೆಯ ಸೀರೆಯಲ್ಲಿ ಸುತ್ತಿ, ನಾಲ್ಕು ಬಿಳಿ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಇಡುತ್ತಾರೆ. ಪ್ರೀತಿಯಿಂದಲೇ ಇಡುತ್ತಾರೆ. ಆದರೆ ಈ ಗುಳಿಗೆಗಳಲ್ಲಿ ಹಲವು ನಫ್ತಲಿನ್‌ನಿಂದ ಮಾಡಿದವು. ಅದು ಆವಿಯಾಗಿ ಬಟ್ಟೆಯ ಎಳೆಎಳೆಯಲ್ಲೂ ಸೇರಿಕೊಳ್ಳುತ್ತದೆ.

ಕೆಲವು ಮಕ್ಕಳಿಗೆ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಇದು ವಂಶದಲ್ಲಿ ಬರುವಂಥದ್ದು. ತೊಂದರೆ ಗಂಡುಮಕ್ಕಳಲ್ಲಿ ಹೆಚ್ಚು. ಮಗುವನ್ನು ನೋಡಿದರೆ ಯಾವ ಗುರುತೂ ಕಾಣದು. ಅಂಥ ಶಿಶುವಿಗೆ ನಫ್ತಲಿನ್ ಹಿಡಿದ ಬಟ್ಟೆ ಹಾಕಿದರೆ, ಉಸಿರಿನಿಂದಲೂ ಚರ್ಮದಿಂದಲೂ ಅದು ಒಳಸೇರಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಾಮಾಲೆ ವೇಗವಾಗಿ ಏರುತ್ತದೆ. ಅದು ಮಿತಿಮೀರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ಪ್ರಾಣವೂ ಹೋಗಬಹುದು. ಎಣ್ಣೆ ಹಚ್ಚಿದ ಚರ್ಮ ಈ ವಿಷವನ್ನು ಇನ್ನಷ್ಟು ಹೀರುತ್ತದೆ. ನಮ್ಮಲ್ಲಿ ಶಿಶುವಿಗೆ ದಿನಾಲೂ ಎಣ್ಣೆ ಹಚ್ಚುವ ರೂಢಿ ಇದೆಯಲ್ಲವೇ? ಎಚ್ಚರಿಕೆ ಬೇಕು.

ಮಾಡಬೇಕಾದದ್ದು ಇಷ್ಟೇ. ಮಗುವಿನ ಬಟ್ಟೆ, ಟೋಪಿ, ಕಂಬಳಿ ಇರುವಲ್ಲಿ ನುಸಿಗುಳಿಗೆ ಹಾಕಬೇಡಿರಿ. ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಶುದ್ಧವಾದ ಹತ್ತಿ ಬಟ್ಟೆಯ ಚೀಲದಲ್ಲಿ ಇಟ್ಟರೆ ಸಾಕು. ಈಗಾಗಲೇ ಗುಳಿಗೆಯೊಡನೆ ಇದ್ದ ಬಟ್ಟೆಯನ್ನು ಒಗೆದು, ವಾಸನೆ ಪೂರ್ತಿ ಹೋಗುವ ತನಕ ಕೆಲವು ದಿನ ಬಿಸಿಲು ಗಾಳಿಗೆ ಹಾಕದೆ ಮಗುವಿಗೆ ತೊಡಿಸಬೇಡಿರಿ. ಹಸುಳೆಯ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಕಪ್ಪಗಾದರೆ, ಹಾಲು ಕುಡಿಯದೆ ಮಂಕಾಗಿ ಮಲಗಿದರೆ ಮನೆಮದ್ದು ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಬಟ್ಟೆಯ ಜೊತೆ ನುಸಿಗುಳಿಗೆ ಇತ್ತೆಂದು ಡಾಕ್ಟರಿಗೆ ಹೇಳಲು ಮರೆಯಬೇಡಿರಿ.

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಸಿಗುವ ನೂಲು ಹೆಚ್ಚಾಗಿ ಅಕ್ರಿಲಿಕ್; ಕುರಿಯ ಉಣ್ಣೆಯಲ್ಲ. ಉಣ್ಣೆ ತಿನ್ನುವ ನುಸಿಹುಳು ಅದನ್ನು ತಿನ್ನುವುದಿಲ್ಲ. ಅಂದರೆ ಆ ಗುಳಿಗೆಯ ಅಗತ್ಯವೇ ಇರಲಿಲ್ಲ! ಆದರೆ ಅಕ್ರಿಲಿಕ್ ಬೆಂಕಿ ತಗಲಿದರೆ ಕರಗಿ ಮೈಗೆ ಅಂಟುತ್ತದೆ. ಒಲೆಯ ಹತ್ತಿರ ಜೋಪಾನ. ಕೈಚೀಲ, ಕಾಲುಚೀಲ ಹೆಣೆದರೆ ಒಳಗನ್ನು ಹೊರಗೆ ಮಾಡಿ ನೋಡಿರಿ. ಸಡಿಲ ಎಳೆಯೊಂದು ಎಳೆಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ. ಮಗು ಮಲಗುವಾಗ ಟೋಪಿ ತೆಗೆದಿಡಿರಿ. ನಮ್ಮ ಸೆಕೆಗೆ ಹತ್ತಿ ನೂಲೇ ಹಿತ.

ಒಂದು ಮುಗಿಸಿ ಇನ್ನೊಂದು

ಹೆಣೆಯುವವರ ಬುಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಅರ್ಧ ಕೆಲಸಗಳು ಇರುತ್ತವೆ: ತೋಳಿಲ್ಲದ ಸ್ವೆಟರ್, ಜೋಡಿಯಿಲ್ಲದ ಕಾಲುಚೀಲ, ಯಾರ ಅಳತೆಗೆಂದು ಮರೆತುಹೋದ ಇನ್ನೊಂದು. ಕಪಾಟಿನಂತೆಯೇ ಬುಟ್ಟಿಗೂ ಒಂದು ದಿನ ಕೊಡಿರಿ. ಮುಗಿಸಲು ಮನಸ್ಸಿಲ್ಲದ್ದನ್ನು ಬಿಚ್ಚಿ, ನೂಲನ್ನು ಲಡಿ ಮಾಡಿ ಒಗೆದು ನೇತುಹಾಕಿದರೆ ಸುರುಳಿ ಬಿಡುತ್ತದೆ, ಪುನಃ ಹೆಣೆಯಬಹುದು.

ಹೊಸತು ಆರಂಭಿಸುವಾಗ ನೂಲನ್ನು ಒಮ್ಮೆಗೇ ಬೇಕಾದಷ್ಟು ಕೊಳ್ಳಿರಿ. ಉಂಡೆಯ ಚೀಟಿಯಲ್ಲಿರುವ ಬಣ್ಣದ ಲಾಟ್ ಸಂಖ್ಯೆ ಒಂದೇ ಇರಲಿ. ಬೇರೆಯಾದರೆ ಒಂದು ತೋಳು ಮಾಸಿದಂತೆ ಕಾಣುತ್ತದೆ. ಮೊದಲು 4 ಇಂಚಿನ ಚೌಕ ತುಂಡು ಹೆಣೆದು ಅಳೆಯಿರಿ. ಅಷ್ಟರಲ್ಲಿ 24 ಕುಣಿಕೆ ಬಂದರೆ ಇಂಚಿಗೆ 6. 10 ಇಂಚು ಅಗಲಕ್ಕೆ 60 ಕುಣಿಕೆ ಹಾಕಬೇಕು. ಈ ಹತ್ತು ನಿಮಿಷ ಉಳಿಸಲು ಹೋಗಿ ಹತ್ತು ದಿನದ ಕೆಲಸ ಬಿಚ್ಚಿದವರಿದ್ದಾರೆ. ಕಡ್ಡಿಯ ನಂಬರು, ಎಷ್ಟನೆಯ ಸಾಲು ಎಂಬುದನ್ನು ಚೀಟಿಯಲ್ಲಿ ಬರೆದು ಬುಟ್ಟಿಯಲ್ಲೇ ಇಡಿರಿ. ಆಗ ಒಲೆಯ ಮೇಲಿನ ಹಾಲು ಉಕ್ಕಿತೆಂದು ಎದ್ದು ಹೋದರೂ ಲೆಕ್ಕ ತಪ್ಪದು.

ಕೈಗೂ ವಿಶ್ರಾಂತಿ ಬೇಕು

ಹಗಲಿಡೀ ಅಡಿಕೆ ಸುಲಿದ ಕೈಯೇ ರಾತ್ರಿ ಕಡ್ಡಿ ಹಿಡಿಯುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿನಿಂದ ಎಚ್ಚರವಾಗಿ ಕೈ ಕೊಡವುವುದು, ಹಿಡಿದ ಲೋಟ ಜಾರುವುದು ಇವು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದರ ಲಕ್ಷಣ. ಗರ್ಭಿಣಿಯರಲ್ಲೂ ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲೂ ಇದು ಹೆಚ್ಚು. ಅಡಿಕೆ ಸುಲಿದ ದಿನ ಹೆಣಿಗೆ ಬೇಡ. ಉಳಿದ ದಿನ ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಐದು ನಿಮಿಷ ಕೈ ಬಿಚ್ಚಿ ಮಡಚಿರಿ. ಜೋಮು ವಾರಗಟ್ಟಲೆ ಉಳಿದರೆ ಎಣ್ಣೆ ತಿಕ್ಕುತ್ತಾ ದಿನ ದೂಡದೆ ಡಾಕ್ಟರಿಗೆ ತೋರಿಸಿರಿ. ತಡವಾದರೆ ಬೆರಳಿನ ಬಲವೇ ಕುಂದಬಹುದು.

ಗಂಡಸರಿಗೆ ಒಂದು ಮಾತು

ಇಷ್ಟೆಲ್ಲ ಬರೆದು ಎಲ್ಲವನ್ನೂ ಮನೆಯಾಕೆಯ ತಲೆಗೇ ಹೊರಿಸಿದರೆ ಅನ್ಯಾಯವಾದೀತು. ತನ್ನ ಬಟ್ಟೆ ತಾನೇ ಮಡಚಿಡಲು ಹತ್ತು ವರ್ಷದ ಹುಡುಗನಿಗೆ ಧಾರಾಳ ಸಾಧ್ಯ, ಐವತ್ತು ವರ್ಷದ ಅವನ ಅಪ್ಪನಿಗೂ ಸಾಧ್ಯ. ಗೋಣಿಚೀಲ, ಹಳೆಯ ಪೈಪು, ಪಂಪಿನ ಬಿಡಿಭಾಗ ಮಲಗುವ ಕೋಣೆಗೆ ಬಂದದ್ದು ಯಾರ ಕೈಯಿಂದ ಎಂದು ಪ್ರತಿಯೊಬ್ಬರೂ ಯೋಚಿಸಲಿ. ಹೆಣಿಗೆ ಸೋಮಾರಿಗಳ ಕೆಲಸವಲ್ಲ. ಇಡೀ ದಿನ ಇತರರಿಗಾಗಿ ದುಡಿದವಳು ತನ್ನಿಷ್ಟದಂತೆ ಕಳೆಯುವ ಅರ್ಧ ಗಂಟೆ ಅದು. ಅದೂ ಕೊನೆಗೆ ಇನ್ನೊಬ್ಬರ ಮೈಗೇ ಸೇರುತ್ತದೆ.

ಮೊನ್ನೆ ಪುನಃ ಆ ಮನೆಗೆ ಹೋಗಿದ್ದೆ. ಮಗು ಚಾಪೆಯ ಮೇಲೆ ಕವುಚಿ ಬಿದ್ದು ಆಡುತ್ತಿತ್ತು. ಹಳದಿ ಸ್ವೆಟರ್ ಆಗಲೇ ಬಿಗಿಯಾಗಿದೆಯಂತೆ; ಅಮ್ಮ ಇನ್ನೊಂದು ಆರಂಭಿಸಿದ್ದರು. ಅವರ ಗಂಡ ಒಳಗೆ ಒಗೆದ ಬಟ್ಟೆ ಮಡಚುತ್ತಿದ್ದರು, ಸ್ವಲ್ಪ ವಕ್ರವಾಗಿಯೇ. ಈ ಸಲ ಬುಟ್ಟಿ ಬೆಂಚಿನಡಿಗೆ ಹೋಗಲಿಲ್ಲ. "ಈ ಸಾಲು ಮುಗಿಸಿ ಬಂದೆ ಫಾದರ್, ಕೂತುಕೊಳ್ಳಿ" ಎಂದರು. ನಾನು ಸಂತೋಷದಿಂದ ಕಾದೆ.