ಮನೆಯ ಡಿವಿಡಿಗಳೂ ಚಿತ್ರದ ಸ್ಫುಟತೆಯೂ

ಅಳಿದುಹೋಗುವುದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಮಾನವನಿಗೆ ಹೊಸದೇನೂ ಅಲ್ಲ. ಕಲ್ಲಿನಲ್ಲಿ ಶಾಸನ ಕೊರೆಯಿಸಿದ ಅರಸನದೂ, ತಾಳೆಯ ಗರಿಯ ಮೇಲೆ ಕಂಟದಿಂದ ಕಾವ್ಯವನ್ನು ಪ್ರತಿಮಾಡಿದ ಲಿಪಿಕಾರನದೂ, ಮಗಳ ಮದುವೆಗೆ ವೀಡಿಯೋದವರನ್ನು ಕರೆಯಿಸಿದ ರೈತನದೂ ಒಂದೇ ಹಂಬಲ. ಅರಸನ ಕಲ್ಲು ಸಾವಿರ ವರ್ಷ ಬಾಳಿತು. ಲಿಪಿಕಾರನ ಓಲೆ ನೂರಾರು ವರ್ಷ ಬಾಳಿತು. ರೈತನ ಮನೆಯ ಬೀರುವಿನಲ್ಲಿ ಸೀರೆಗಳ ನಡುವೆ ಮಲಗಿರುವ ಡಿವಿಡಿ ಎಷ್ಟು ಕಾಲ ಬಾಳೀತು?

ಬಹುಕಾಲವಲ್ಲ ಎಂದೇ ಹೇಳಬೇಕಾಗಿದೆ. ಮನೆಗಳಿಗೂ ಸ್ಟುಡಿಯೋಗಳಿಗೂ ಬಂದ ಬರೆಯಬಲ್ಲ ಡಿವಿಡಿಯ ಒಳಗೆ ಬಣ್ಣದ್ರವ್ಯದ ಒಂದು ತೆಳುಪದರವಿರುತ್ತದೆ. ಲೇಸರ್ ಕಿರಣವು ಗುರುತುಗಳನ್ನು ಮಾಡುವುದು ಆ ಪದರದಲ್ಲಿಯೇ. ಬಿಸಿಲು, ಸೆಕೆ, ತೇವಗಳಿಂದ ಅದು ಕ್ರಮೇಣ ಕೆಡುತ್ತದೆ. ಮೇಲ್ಮೈಯ ಗೀರುಗಳು ಬೇರೆ. ಡಿಸ್ಕು ಚೆನ್ನಾಗಿದ್ದರೂ ಅದನ್ನು ಓದುವ ಯಂತ್ರ ದೊರೆಯುವುದು ದಿನದಿನಕ್ಕೆ ಕಷ್ಟವಾಗುತ್ತಿದೆ; ಈಚಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಸ್ಥಳವೇ ಇಲ್ಲ. ಆದುದರಿಂದ ಜನರು ಡಿವಿಡಿಗಳನ್ನು ಪೆನ್‌ಡ್ರೈವಿಗೋ ಮೊಬೈಲಿಗೋ ಇಳಿಸಿಕೊಳ್ಳುತ್ತಿದ್ದಾರೆ. ಹಾಗೆ ಇಳಿಸುವಾಗ ಗಾತ್ರವನ್ನು ಕುಗ್ಗಿಸುತ್ತಾರೆ. ಕುಗ್ಗಿಸುವಾಗ ಚಿತ್ರ ಕೆಡುತ್ತದೆ. ಕೆಡಲೇಬೇಕೆ? ಕೆಡದಂತೆ ಕುಗ್ಗಿಸುವ ಬಗೆ ಉಂಟೆ? ಇದೇ ಈ ಲೇಖನದ ವಿಷಯ. ನಾನು ಹೇಳುವುದು ನಮ್ಮ ನಮ್ಮ ಮನೆಗಳಲ್ಲಿ ತೆಗೆಸಿದ ಚಿತ್ರಗಳನ್ನು ಕುರಿತು ಮಾತ್ರ. ಮಾರಾಟಕ್ಕೆ ಬಂದ ಚಲನಚಿತ್ರಗಳ ಡಿಸ್ಕುಗಳಿಗೆ ಹಕ್ಕುದಾರರುಂಟು. ಆ ಮಾತು ಬೇರೆ.

ಮೊದಲು ಡಿವಿಡಿಯಲ್ಲಿ ಏನಿದೆ ಎಂಬುದನ್ನು ನೋಡೋಣ. 1996ರಲ್ಲಿ ಜಪಾನಿನಲ್ಲಿ ಮೊದಲು ಮಾರುಕಟ್ಟೆಗೆ ಬಂದ ಈ ಡಿಸ್ಕು, ಒಂದೇ ಪದರದ್ದಾದರೆ, 4.7 ಜಿಬಿ ಅಂದರೆ 470 ಕೋಟಿ ಬೈಟುಗಳನ್ನು ಹಿಡಿಯುತ್ತದೆ. ನಮ್ಮ ದೇಶದ ಟಿವಿಗೆ ಹೊಂದುವ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ಅಡ್ಡಲಾಗಿ 720, ಮೇಲಿನಿಂದ ಕೆಳಕ್ಕೆ 576 ಚುಕ್ಕಿಗಳು, ಒಟ್ಟು 4,14,720. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿಗಳ ಪ್ರಮಾಣವನ್ನು ಮೂರು ಬೈಟುಗಳಲ್ಲಿ ಬರೆಯಬೇಕು. ಸೆಕೆಂಡಿಗೆ 25 ಚಿತ್ರಗಳು. ಗುಣಿಸಿ ನೋಡಿದರೆ ಸೆಕೆಂಡೊಂದಕ್ಕೆ ಸುಮಾರು 3 ಕೋಟಿ 11 ಲಕ್ಷ ಬೈಟುಗಳಾಗುತ್ತವೆ. ಈ ಲೆಕ್ಕದಲ್ಲಿ ಎರಡೂವರೆ ನಿಮಿಷಕ್ಕೆ ಡಿಸ್ಕು ತುಂಬಿಹೋಗುವುದು! ವಧೂವರರು ಮಂಟಪಕ್ಕೆ ಬರುವ ಮೊದಲೇ ಮದುವೆ ಮುಗಿಯಬೇಕಾಗುತ್ತಿತ್ತು. ಆದರೆ ಅದೇ ಡಿಸ್ಕಿನಲ್ಲಿ ನಾವು ಎರಡು ಗಂಟೆಯ ಮದುವೆಯನ್ನು ನೋಡುತ್ತೇವೆ. ಎಂದರೆ ಡಿವಿಡಿಯೇ ಸುಮಾರು ನಲವತ್ತೆಂಟು ಪಾಲಿನಲ್ಲಿ ಒಂದು ಪಾಲಿಗೆ ಕುಗ್ಗಿಸಿದ ವಸ್ತು. ನಾವು ಮತ್ತೆ ಕುಗ್ಗಿಸಲು ಹೊರಟಿರುವುದು ಆಗಲೇ ಕುಗ್ಗಿದ್ದನ್ನು ಎಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಕುಗ್ಗುವಿಕೆ ಮೂರು ಬಗೆಯಿಂದ ನಡೆಯುತ್ತದೆ.

ಮೊದಲನೆಯದು ಬಣ್ಣದ ಉಳಿತಾಯ. ನಮ್ಮ ಕಣ್ಣು ಬೆಳಕುನೆರಳುಗಳ ವ್ಯತ್ಯಾಸವನ್ನು ಬಹು ಸೂಕ್ಷ್ಮವಾಗಿ ಗುರುತಿಸುತ್ತದೆ. ಬಣ್ಣದ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸಲಾರದು. ಆದ್ದರಿಂದ ಬೆಳಕನ್ನು ಪ್ರತಿ ಚುಕ್ಕಿಗೂ ಬರೆದು, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕಿಗಳಿಗೆ ಒಂದರಂತೆ ಬರೆಯುತ್ತಾರೆ. ಇದರಿಂದಲೇ ಗಾತ್ರ ಅರ್ಧಕ್ಕೆ ಇಳಿಯುತ್ತದೆ.

ಎರಡನೆಯದು ಕಾಲದ ಉಳಿತಾಯ. ಪುರೋಹಿತರು ಮಂತ್ರ ಹೇಳುತ್ತ ಕುಳಿತಿರುವಾಗ ಹಿಂದಿನ ಚಪ್ಪರ ಕದಲುವುದಿಲ್ಲ. ಹೀಗಿರುವಲ್ಲಿ ಇಡೀ ಚಿತ್ರವನ್ನು ಸೆಕೆಂಡಿಗೆ 25 ಬಾರಿ ಬರೆಯುವುದೇಕೆ? ಹನ್ನೆರಡು ಅಥವಾ ಹದಿನೈದು ಚಿತ್ರಗಳಿಗೊಮ್ಮೆ ಪೂರ್ಣಚಿತ್ರ ಬರೆದು, ನಡುವೆ ಬದಲಾದುದನ್ನು ಮಾತ್ರ ಬರೆದರೆ ಸಾಕು. ಆದರೆ ಅಕ್ಷತೆ ಬೀಳುವ ಗಳಿಗೆಯಲ್ಲಿ ನೂರಾರು ಕಾಳುಗಳು ಒಮ್ಮೆಗೇ ಹಾರುತ್ತವೆ, ಫೋಟೋದವರ ಬೆಳಕು ಫಕ್ಕನೆ ಮಿಂಚುತ್ತದೆ. ಚಿತ್ರದ ಪ್ರತಿಯೊಂದು ಭಾಗವೂ ಬದಲಾಗುತ್ತದೆ. ಮದುವೆಯ ಡಿವಿಡಿಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದ ಧಾರೆಯ ದೃಶ್ಯವೇ ಎಲ್ಲಕ್ಕಿಂತ ಹೆಚ್ಚಾಗಿ ಒಡೆದು ಕಾಣುವುದಕ್ಕೆ ಇದೇ ಕಾರಣ.

ಮೂರನೆಯದು ಸೂಕ್ಷ್ಮದ ಉಳಿತಾಯ; ನಿಜವಾದ ನಷ್ಟದ ಬಹುಭಾಗ ಇಲ್ಲಿಯೇ. ಚಿತ್ರವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ 64 ಸಂಖ್ಯೆಗಳನ್ನು ಗಣಿತದ ಒಂದು ವಿಧಾನದಿಂದ ಬೇರೆ 64 ಸಂಖ್ಯೆಗಳಾಗಿ ಮಾರ್ಪಡಿಸುತ್ತಾರೆ. ಹೊಸ ಸಂಖ್ಯೆಗಳಲ್ಲಿ ಮೊದಲನೆಯದು ಚೌಕದ ಸರಾಸರಿ ಬೆಳಕನ್ನು ಹೇಳಿದರೆ, ಮುಂದಿನವು ದಪ್ಪ ಏರಿಳಿತಗಳನ್ನೂ ಕೊನೆಯವು ಅತಿ ನವುರಾದ ಏರಿಳಿತಗಳನ್ನೂ ಹೇಳುತ್ತವೆ. ಈ ವಿಧಾನಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ಕನ್ನಡನಾಡಿನ ನಾವು ಹೆಮ್ಮೆಪಡಬೇಕಾದ ವಿಷಯವೊಂದಿದೆ. ಇದನ್ನು ಕಂಡುಹಿಡಿದ ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದವರು. ಅನಂತರ ಅಮೆರಿಕೆಗೆ ಹೋಗಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಜೇಪೆಗ್ ಛಾಯಾಚಿತ್ರಕ್ಕೂ ಡಿವಿಡಿಯ ಎಂಪೆಗ್-2 ಪದ್ಧತಿಗೂ ಇದೇ ತಳಹದಿ.

ಈ ಮಾರ್ಪಾಡಿನಿಂದ ನಷ್ಟವಿಲ್ಲ. ನಷ್ಟವಾಗುವುದು ಮುಂದಿನ ಹೆಜ್ಜೆಯಲ್ಲಿ. ಬಂದ ಸಂಖ್ಯೆಗಳನ್ನು ಒಂದು ಅಳತೆಯಿಂದ ಭಾಗಿಸಿ, ಸಮೀಪದ ಪೂರ್ಣಾಂಕವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಸಂತೆಯಲ್ಲಿ ಚಿಲ್ಲರೆಯಿಲ್ಲದ ವ್ಯಾಪಾರಿ ಎಂಟಾಣೆಯನ್ನು ಬಿಟ್ಟು ರೂಪಾಯಿಯ ಲೆಕ್ಕ ಹಾಕಿದಂತೆ ಇದು. ಅಳತೆ ದೊಡ್ಡದಾದಷ್ಟೂ ಫೈಲು ಚಿಕ್ಕದಾಗುತ್ತದೆ, ನಷ್ಟವೂ ದೊಡ್ಡದಾಗುತ್ತದೆ. ಮಿತಿಮೀರಿದಾಗ ಚೌಕದ ಸರಾಸರಿ ಮಾತ್ರ ಉಳಿದು, ಮುಖದ ಮೇಲೆ ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮೂಲದ ಸಂಖ್ಯೆ 73 ಎಂದಿಟ್ಟುಕೊಳ್ಳೋಣ. 16ರ ಅಳತೆಯಿಂದ ಭಾಗಿಸಿದರೆ 4.56, ಅದನ್ನು 5 ಎಂದು ಬರೆಯುತ್ತಾರೆ. ನೋಡುವಾಗ ಅದು 5×16, ಅಂದರೆ 80 ಆಗುತ್ತದೆ. ತಪ್ಪು 7. ಈ ಪ್ರತಿಯನ್ನು ಇನ್ನೊಮ್ಮೆ 22ರ ಅಳತೆಯಿಂದ ಕುಗ್ಗಿಸಿದರೆ 80 ಭಾಗಿಸು 22, ಅಂದರೆ 3.64, ಬರೆಯುವುದು 4, ನೋಡುವಾಗ 88. ತಪ್ಪು 15ಕ್ಕೆ ಏರಿತು. ಮೂಲದ 73ನ್ನೇ ನೇರವಾಗಿ 22ರಿಂದ ಕುಗ್ಗಿಸಿದ್ದರೆ 3 ಬಂದು, ನೋಡುವಾಗ 66 ಆಗುತ್ತಿತ್ತು. ತಪ್ಪು 7 ಮಾತ್ರ. ಗಾತ್ರದ ಉಳಿತಾಯ ಒಂದೇ ತೆರನಾದರೂ ಪ್ರತಿಯ ಪ್ರತಿಯಲ್ಲಿ ತಪ್ಪು ಇಮ್ಮಡಿಯಾಯಿತು. ಪ್ರತಿ ಸಂಖ್ಯೆಗೂ ಹೀಗೆಯೇ ಆಗಬೇಕೆಂದಿಲ್ಲ. ಆದರೆ ಲಕ್ಷಾಂತರ ಸಂಖ್ಯೆಗಳ ಮೊತ್ತದಲ್ಲಿ ಚಿತ್ರ ಒಂದೊಂದು ಬಾರಿಗೂ ಹಿಂದೆ ಬೀಳುತ್ತದೆ.

ನಮ್ಮ ಕಲಾವಿಭಾಗದ ಮಿತ್ರರಿಗೆ ಇದು ಅಪರಿಚಿತವಾದ ಮಾತಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಓದುವುದಾದರೂ ಏನು? ಒಬ್ಬ ಲಿಪಿಕಾರನ ಕೈತಪ್ಪನ್ನು ಮತ್ತೊಬ್ಬನು ಮೂಲವೆಂದೇ ನಂಬಿ ಬರೆಯುತ್ತಾನೆ, ತನ್ನದೊಂದನ್ನು ಸೇರಿಸುತ್ತಾನೆ. ಮೂರನೆಯವನಿಗೆ ಕವಿಯ ಮಾತು ಯಾವುದು, ಓಲೆಯ ದೋಷ ಯಾವುದು ಎಂದು ತಿಳಿಯದೆ ಹೋಗುತ್ತದೆ. ಓಲೆಯ ವಿಷಯದಲ್ಲಿ ಬೇರೆ ಬೇರೆ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಊಹಿಸುವ ವಿದ್ವಾಂಸರಿದ್ದಾರೆ. ಮನೆಯ ಡಿವಿಡಿಗೆ ಅಂಥ ಬೇರೆ ಪ್ರತಿಗಳು ಎಲ್ಲಿವೆ?

ಈ ಮಾತನ್ನು ನಾನು ಬರಿಯ ತರ್ಕಕ್ಕಾಗಿ ಹೇಳುತ್ತಿಲ್ಲ. ನಮ್ಮ ತಾತನವರು ಈಗಿಲ್ಲ. ಅವರು ನಡೆದಾಡುವುದನ್ನೂ ಮಾತನಾಡುವುದನ್ನೂ ತೋರಿಸುವ ಚಿತ್ರ ನಮ್ಮಲ್ಲಿ ಒಂದೇ ಇದೆ: 2008ರಲ್ಲಿ ನಡೆದ ನಮ್ಮ ಚಿಕ್ಕತ್ತೆಯ ಮದುವೆಯ ಡಿವಿಡಿ. ತಾತ ಅಕ್ಷರ ಕಲಿತವರಲ್ಲ. ಅವರ ಕೈಬರಹವೆಂಬುದೇ ಇಲ್ಲ. ಓದುಬರಹವಿದ್ದ ಮನೆತನಗಳಲ್ಲಿ ಹಿರಿಯರ ಕಾಗದಪತ್ರಗಳಿರುತ್ತವೆ. ನಮ್ಮಂಥ ಮನೆಗಳಿಗೆ ಇಂಥದೊಂದು ಡಿಸ್ಕೇ ದಫ್ತರ. ಪಟ್ಟಣದ ಅಂಗಡಿಯೊಂದರಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟರು. ಎರಡು ಗಂಟೆಯ ಚಿತ್ರವನ್ನು 300 ಎಂಬಿಗೆ ಇಳಿಸಿದ್ದರು. ಟಿವಿಯಲ್ಲಿ ನೋಡಿದ ಅಜ್ಜಿ, “ಇದೇನ್ ಮಗ, ನಿಮ್ ತಾತನ ಮಕದ್ ಮ್ಯಾಲೆ ಮರಳು ಎರಚ್ದಂಗದೆ” ಎಂದರು. ಪುಣ್ಯಕ್ಕೆ ಡಿಸ್ಕು ಓದಲು ಬರುತ್ತಿತ್ತು. ಅದರಿಂದಲೇ ನಾನು ಹೊಸದಾಗಿ ಪ್ರತಿಮಾಡಿದೆ, ಫೈಲು 1.6 ಜಿಬಿಯಾಯಿತು, ತಾತನ ಹಣೆಯ ಗೆರೆಗಳು ಉಳಿದುವು. ಆ ಡಿಸ್ಕನ್ನು ಎಸೆದಿದ್ದರೆ ಮರಳು ಬಿದ್ದ ಮುಖವೇ ನಮ್ಮ ಮುಂದಿನವರಿಗೆ ತಾತನ ಮುಖವಾಗುತ್ತಿತ್ತು.

ಇನ್ನು ಕೆಲಸದ ಕ್ರಮವನ್ನು ಹೇಳುತ್ತೇನೆ.

ಮೊದಲನೆಯದಾಗಿ, ಡಿಸ್ಕಿನಲ್ಲಿರುವ ವೀಡಿಯೋ ಫೋಲ್ಡರನ್ನು ಏನನ್ನೂ ಕುಗ್ಗಿಸದೆ ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ಪ್ರತಿಮಾಡಬೇಕು. ಇದು ತಾಯಿಪ್ರತಿ. ಸಂಖ್ಯೆಗಳನ್ನು ಇದ್ದ ಹಾಗೆ ನಕಲು ಮಾಡಿದಲ್ಲಿ ನಷ್ಟವೆಂಬುದಿಲ್ಲ. 1 ಟಿಬಿಯ ಒಂದು ಹಾರ್ಡ್‌ಡಿಸ್ಕು ಇಂಥ ಇನ್ನೂರಕ್ಕೂ ಹೆಚ್ಚು ಡಿವಿಡಿಗಳನ್ನು ಹಿಡಿಯುವುದರಿಂದ ಸ್ಥಳವಿಲ್ಲವೆಂಬ ನೆವ ಈಗ ಸಲ್ಲದು. ಸಾಧ್ಯವಾದರೆ ಎರಡು ಕಡೆ ಇಡಬೇಕು.

ಎರಡನೆಯದಾಗಿ, ನೋಡುವುದಕ್ಕೂ ಹಂಚುವುದಕ್ಕೂ ಬೇಕಾದ ಚಿಕ್ಕ ಪ್ರತಿಯನ್ನು ತಾಯಿಪ್ರತಿಯಿಂದಲೇ, ಒಂದೇ ಬಾರಿಗೆ ಮಾಡಬೇಕು. ಇದಕ್ಕೆ 2003ರಲ್ಲಿ ರೂಪುಗೊಂಡ ಎಚ್.264 ಪದ್ಧತಿ ಅನುಕೂಲವಾದುದು. ಎಂಪೆಗ್-2 ಬೇಡುವ ಬಿಟ್ಟುಗಳ ಸುಮಾರು ಅರ್ಧದಲ್ಲಿ ಅದೇ ಸ್ಫುಟತೆ ದೊರೆಯುತ್ತದೆ. ಉಚಿತವಾಗಿ ದೊರೆಯುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ. ಅಲ್ಲಿ ಗಾತ್ರವನ್ನು ಗೊತ್ತುಮಾಡದೆ ಗುಣವನ್ನು ಗೊತ್ತುಮಾಡಬೇಕು. 0ಯಿಂದ 51ರವರೆಗಿನ ಗುಣಸಂಖ್ಯೆಯಲ್ಲಿ ಚಿಕ್ಕದಾದಷ್ಟೂ ಚಿತ್ರ ಉತ್ತಮ. ಡಿವಿಡಿಗೆ 18ರಿಂದ 20 ಸೂಕ್ತ. ಆಗ ಅಕ್ಷತೆಯ ಗಳಿಗೆಗೆ ಹೆಚ್ಚು ಬಿಟ್ಟುಗಳೂ ಮಂತ್ರದ ಹೊತ್ತಿಗೆ ಕಡಿಮೆ ಬಿಟ್ಟುಗಳೂ ತಾವಾಗಿಯೇ ಸಲ್ಲುತ್ತವೆ. ವೇಗವನ್ನು ನಿಧಾನಕ್ಕೆ ಇಟ್ಟರೆ ಅಷ್ಟೇ ಬಿಟ್ಟುಗಳಿಂದ ಯಂತ್ರ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ಹಚ್ಚಿ ಮಲಗಿದರಾಯಿತು.

ಮೂರನೆಯದಾಗಿ, ಸಾಲುಗಳ ವಿಷಯ. ಟಿವಿಗಾಗಿ ಮಾಡಿದ ಹಳೆಯ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಅರೆಚಿತ್ರಗಳಾಗಿ ತೆಗೆಯುತ್ತಿದ್ದುವು: ಒಂದು ಬಿಟ್ಟು ಒಂದು ಸಾಲು ಮೊದಲು, ಉಳಿದ ಸಾಲುಗಳು ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ ಕಳೆದ ಮೇಲೆ. ಕಂಪ್ಯೂಟರಿನಲ್ಲಿ ಕೈಬೀಸುವವರ ಅಂಚು ಬಾಚಣಿಗೆಯ ಹಲ್ಲಿನಂತೆ ಕಂಡರೆ ಇದೇ ಕಾರಣವೆಂದು ತಿಳಿಯಬೇಕು. ತಂತ್ರಾಂಶದಲ್ಲಿರುವ ಡಿಇಂಟರ್‌ಲೇಸ್ ಎಂಬ ಆಯ್ಕೆ ಇದನ್ನು ಸರಿಪಡಿಸುತ್ತದೆ. ಹಾಗೆ ಸರಿಪಡಿಸದೆ ಚಿತ್ರದ ಎತ್ತರವನ್ನು ಬದಲಾಯಿಸಿದರೆ ಎರಡು ಗಳಿಗೆಗಳ ಸಾಲುಗಳು ಬೆರೆತು, ಮತ್ತೆ ಬೇರ್ಪಡಿಸಲಾರದಂತೆ ಆಗುತ್ತವೆ.

ನಾಲ್ಕನೆಯದಾಗಿ, ಅಳತೆಯನ್ನು ಹಿಗ್ಗಿಸಬಾರದು. 720×576ರ ಚಿತ್ರವನ್ನು 1920×1080ಕ್ಕೆ ಎಳೆದರೆ ಹೊಸ ವಿವರ ಹುಟ್ಟುವುದಿಲ್ಲ. ಗಂಜಿಗೆ ನೀರು ಬೆರೆಸಿದಂತೆ ಆಗುತ್ತದೆ. ಅಂಚಿನ ಕಪ್ಪುಪಟ್ಟಿಗಳನ್ನು ಮಾತ್ರ ಕತ್ತರಿಸಬಹುದು. ಮುಖಗಳು ಉದ್ದವಾಗದಂತೆ, ಅಗಲವಾಗದಂತೆ ಮೂಲದ ಆಕಾರಪ್ರಮಾಣವನ್ನು ಉಳಿಸಿಕೊಳ್ಳಬೇಕು. ಕತ್ತಲೆಯ ದೃಶ್ಯಗಳಲ್ಲಿ ಕುಣಿಯುವ ಕಾಳುಕಾಳಾದ ಗದ್ದಲವು ವ್ಯರ್ಥವಾಗಿ ಬಿಟ್ಟುಗಳನ್ನು ನುಂಗುತ್ತದೆ. ಅದನ್ನು ಸ್ವಲ್ಪ ಅಡಗಿಸಬಹುದು. ಹೆಚ್ಚಾಗಿ ಉಜ್ಜಿದರೆ ಜರಿಯ ನೇಯ್ಗೆಯೂ ಹಿರಿಯರ ಸುಕ್ಕುಗಳೂ ಅದರೊಡನೆ ಹೋಗುತ್ತವೆ.

ಕಡೆಯದಾಗಿ, ಧ್ವನಿಯನ್ನು ಇದ್ದಂತೆಯೇ ಬಿಡಬೇಕು. ಚಿತ್ರದ ಮುಂದೆ ಅದರ ಗಾತ್ರ ಅಲ್ಪ. ಕೆಲಸ ಮುಗಿದ ಮೇಲೆ ಅಕ್ಷತೆ, ಜರಿಯಂಚು, ರಾತ್ರಿಯ ಆರತಕ್ಷತೆ, ಹಿರಿಯರ ಮುಖ, ಈ ನಾಲ್ಕು ಕಡೆ ಹೊಸ ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡಬೇಕು. ಇವು ಚೆನ್ನಾಗಿದ್ದರೆ ಉಳಿದುವು ಚೆನ್ನಾಗಿಯೇ ಇರುತ್ತವೆ. ಮೊಬೈಲಿನ ಸಂದೇಶಗಳಲ್ಲಿ ವೀಡಿಯೋ ಕಳುಹಿಸಿದರೆ ಅದು ಸಾಮಾನ್ಯವಾಗಿ ದಾರಿಯಲ್ಲಿ ಮತ್ತೊಮ್ಮೆ ಕುಗ್ಗುತ್ತದೆ. ನೆಂಟರಿಗೆ ಕಳುಹಿಸಲು ಅದು ಸಾಕು, ಸಂಗ್ರಹಕ್ಕೆ ಸಾಲದು.

ಕುಗ್ಗಿಸುವುದೆಂದರೆ ಆರಿಸಿ ಬಿಡುವುದು. ಬಿಟ್ಟದ್ದನ್ನು ಯಾವ ಯಂತ್ರವೂ ಹಿಂದಕ್ಕೆ ತಂದುಕೊಡಲಾರದು. ಈಚಿನ ಹೊಸ ತಂತ್ರಗಳು ಮಸುಕು ಮುಖಕ್ಕೆ ಕಣ್ಣುಮೂಗುಗಳನ್ನು ಬಿಡಿಸಿ ಕೊಟ್ಟರೂ ಅದು ಊಹೆಯ ಮುಖವೇ ಹೊರತು ನಮ್ಮವರ ಮುಖವಲ್ಲ. ಆದುದರಿಂದ ಮಿತ್ರರೇ, ಬರುವ ರಜೆಯಲ್ಲಿ ಊರಿಗೆ ಹೋದಾಗ ಬೀರುವಿನಲ್ಲಿರುವ ಡಿಸ್ಕುಗಳನ್ನು ಹೊರಗೆ ತೆಗೆಯಿರಿ. ಅಂಚುಹಿಡಿದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರಸಿ. ಮೊದಲು ತಾಯಿಪ್ರತಿ, ಅನಂತರ ಮಿಕ್ಕದ್ದು. ಮನೆಯಲ್ಲಿ ಮೊದಲು ಓದಿದವರಾದ ನಾವು ಮನೆಗೆ ಸಲ್ಲಿಸಬೇಕಾದ ಋಣಗಳು ಅನೇಕವಿವೆ. ಅವುಗಳಲ್ಲಿ ಇದು ಒಂದು ರಾತ್ರಿಯಲ್ಲಿ ತೀರಿಸಬಹುದಾದದ್ದು.