ಫೋಟೋದಲ್ಲಿ ವಾಲಿದ ಕಟ್ಟಡ ನಿಜಕ್ಕೂ ವಾಲಿದೆಯೇ?

“ಈ ಬಿಲ್ಡಿಂಗ್ ಯಾವಾಗ ಬೇಕಾದರೂ ಬೀಳಬಹುದು, ಎಲ್ಲರಿಗೂ ಶೇರ್ ಮಾಡಿ” ಎಂಬ ಸಾಲಿನ ಜೊತೆ ಫೋಟೋ ಬಂದರೆ ಬೆಂಗಳೂರಿನವರು ನಕ್ಕು ಸುಮ್ಮನಾಗುವುದು ಕಷ್ಟ. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಕಾರ್ಮಿಕರು ಸತ್ತದ್ದು ಇನ್ನೂ ನೆನಪಿದೆ. ಭಯಕ್ಕೆ ಕಾರಣವಿದೆ. ಆದರೆ ಫೋಟೋದಲ್ಲಿ ವಾಲಿರುವುದು ಕಟ್ಟಡವೋ, ಕ್ಯಾಮೆರಾವೋ?

ನಾವೇ ಪರೀಕ್ಷಿಸಿ ನೋಡಿದೆವು. ಆರ್.ಟಿ. ನಗರದ ಕಿರಿದಾದ ಅಡ್ಡರಸ್ತೆಯಲ್ಲಿ ಹಿಂದೆ ಸರಿಯಲು ಜಾಗವಿಲ್ಲ. ನಾಲ್ಕಂತಸ್ತಿನ ಮನೆ ಪೂರ್ತಿ ಬರಬೇಕಾದರೆ ಫೋನಿನಲ್ಲಿ 0.5 ಒತ್ತಬೇಕು, ಫೋನನ್ನು ಮೇಲಕ್ಕೆ ಓರೆ ಮಾಡಬೇಕು. ಹಾಗೆ ತೆಗೆದ ಫೋಟೋದಲ್ಲಿ ಗಟ್ಟಿಮುಟ್ಟಾದ ಮನೆ ಪಕ್ಕದ ಮನೆಯ ಮೇಲೆ ಒರಗಿದಂತೆ ಕಂಡಿತು!

ಇದು ಲೆನ್ಸಿನ ದೋಷವಲ್ಲ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುತ್ತವಲ್ಲ, ಹಾಗೆಯೇ ಕ್ಯಾಮೆರಾ ಮೇಲೆ ನೋಡಿದಾಗ ಗೋಡೆಗಳ ನೇರ ಗೆರೆಗಳು ಮೇಲೆ ಹತ್ತಿರವಾಗುತ್ತವೆ. 0.5 ಲೆನ್ಸ್ ಜೂಮ್ ಆಗದ, ಒಂದೇ ಫೋಕಲ್ ಲೆಂತ್‌ನ ವೈಡ್ ಆಂಗಲ್ ಲೆನ್ಸ್. ಹಲವು ಫೋನ್‌ಗಳಲ್ಲಿ ಅದು ಸುಮಾರು 120 ಡಿಗ್ರಿ ನೋಟವನ್ನು ಹಿಡಿಯುವುದರಿಂದ ಅಂಚಿನಲ್ಲಿ ಈ ವಾಲು ಎದ್ದು ಕಾಣುತ್ತದೆ.

ಲೆನ್ಸಿನ ನಿಜವಾದ ದೋಷಗಳು ಬೇರೆ. ನೇರ ಕಂಬ ಪೀಪಾಯಿಯ ಬದಿಯಂತೆ ಹೊರಕ್ಕೆ ಬಾಗುವುದು ಬ್ಯಾರೆಲ್ ಡಿಸ್ಟಾರ್ಶನ್. ಫ್ರೇಮಿನ ಅಂಚಿಗೆ ಹೋದಂತೆ ಲೆನ್ಸ್ ಚಿತ್ರವನ್ನು ತುಸು ಕುಗ್ಗಿಸುವುದರಿಂದ ಹೀಗಾಗುತ್ತದೆ. ಫೋನಿನ ಸಾಫ್ಟ್‌ವೇರ್ ಇದನ್ನು ಎಳೆದು ನೇರ ಮಾಡುತ್ತದೆ. ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರ ಮುಖ ಅಗಲವಾಗುವುದರಲ್ಲಿ ಈ ಎಳೆತದ ಪಾಲೂ ಇದೆ. (ದಪ್ಪಗಾಗಿದ್ದೀರಿ ಎಂದು ಯಾರಾದರೂ ಹೇಳಿದರೆ ನೆನಪಿರಲಿ.) ಹೆಬ್ಬಾಳ ಕೆರೆಯ ದಡದಲ್ಲಿ ಬಿಳಿ ಆಕಾಶದೆದುರು ಕೊಂಬೆಗಳನ್ನು ತೆಗೆದಾಗ ಅಂಚಿನಲ್ಲಿ ನೇರಳೆ ಗೆರೆ ಬಂತು. ಗಾಜು ನೀಲಿ, ನೇರಳೆ ಬೆಳಕನ್ನು ಕೆಂಪಿಗಿಂತ ಹೆಚ್ಚು ಬಾಗಿಸುವುದರಿಂದ ಬಣ್ಣಗಳು ಒಂದೇ ಕಡೆ ಸೇರುವುದಿಲ್ಲ. ಇದೇ ವರ್ಣ ವಿಪಥನ. ರಾತ್ರಿ ಫೋಟೋದ ಮೂಲೆಯಲ್ಲಿ ಬೀದಿದೀಪಕ್ಕೆ ಧೂಮಕೇತುವಿನಂಥ ಬಾಲ ಬಂದರೆ ಅದು ಕೋಮಾ ಎಂಬ ದೋಷ, ಆಕಾಶದಿಂದ ಇಳಿದದ್ದೇನೂ ಅಲ್ಲ.

ಹಾಗಾದರೆ ಫಾರ್ವರ್ಡ್ ಫೋಟೋವನ್ನು ಅಳೆಯುವುದು ಹೇಗೆ? ಕಟ್ಟಡ ಬಿಟ್ಟು ಸುತ್ತಲಿನದನ್ನು ನೋಡಿ. ಎಡಗಡೆಯ ಕಂಬ, ಮನೆಗಳು ಬಲಕ್ಕೂ, ಬಲಗಡೆಯವು ಎಡಕ್ಕೂ ವಾಲಿದ್ದರೆ ಅದು ಬಹುತೇಕ ಕ್ಯಾಮೆರಾದ ಕೈವಾಡ. ಅಕ್ಕಪಕ್ಕದವು ನೇರವಾಗಿದ್ದು ಒಂದೇ ಕಟ್ಟಡ ವಾಲಿದ್ದರೆ ಮಾತ್ರ ಗಮನ ಕೊಡಬೇಕು. ಜಾಗ ನಿಮ್ಮ ಬೀದಿಯಲ್ಲೇ ಇದ್ದರೆ, ದೂರ ನಿಂತು ಫೋನನ್ನು ನೆಟ್ಟಗೆ ಹಿಡಿದು, ಕಟ್ಟಡ ಫ್ರೇಮಿನ ನಡುವೆ ಬರುವಂತೆ 1ರಲ್ಲಿ ಮತ್ತೊಂದು ಫೋಟೋ ತೆಗೆಯಿರಿ. ದಾರಕ್ಕೆ ಕಲ್ಲು ಕಟ್ಟಿ ಕಣ್ಣೆದುರು ಇಳಿಬಿಟ್ಟು ಗೋಡೆಯ ಅಂಚಿಗೆ ಹೋಲಿಸಿದರೆ ಇನ್ನೂ ವಾಸಿ. ಗಾರೆ ಕೆಲಸದವರು ನಂಬುವುದು ಇದನ್ನೇ.

ಇಷ್ಟಾಗಿಯೂ ಫೋಟೋ ನೋಡಿ ಕಟ್ಟಡ ಸುರಕ್ಷಿತ ಎಂದು ಹೇಳಲಾಗದು, ನೆಟ್ಟಗೆ ನಿಂತ ಕಟ್ಟಡವೂ ಒಳಗೆ ದುರ್ಬಲವಾಗಿರಬಹುದು. ಗೋಡೆಯಲ್ಲಿ ಹೊಸ ಬಿರುಕು ಅಗಲವಾಗುತ್ತಿದ್ದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದರೆ ಮೊದಲು ಹೊರಗೆ ಬಂದು 112ಕ್ಕೆ ಕರೆ ಮಾಡಿ. ಫೋಟೋ ಆಮೇಲೆ.